ಕೇಳದೆ ಕೊಟ್ಟ ಕ್ಷಮೆ

ಭದ್ರಾವತಿಯ ನಮ್ಮ ಲೈನ್ ಮನೆಗಳಲ್ಲಿ ಕ್ಷಮಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲವೆಂದು ನಾನು ನಂಬಿಕೊಂಡಿದ್ದೆ. ನಲ್ಲಿಯ ಹತ್ತಿರ ನನ್ನ ಕೊಡ ಸರಿಸಿ ತಮ್ಮ ಕೊಡ ಇಟ್ಟವರನ್ನು ಕ್ಷಮಿಸುತ್ತಿದ್ದೆ. ಒಗೆದು ಹರವಿದ ಸೀರೆಯ ಪಕ್ಕದಲ್ಲೇ ಇದ್ದಿಲ ಬುಟ್ಟಿ ಕೊಡವಿದವರನ್ನು ಕ್ಷಮಿಸುತ್ತಿದ್ದೆ. ಕ್ಷಮಿಸಿದ ಮೇಲೆ ಅದನ್ನು ನಾಲ್ಕು ಜನಕ್ಕೆ ಹೇಳುತ್ತಲೂ ಇದ್ದೆ, ಇಲ್ಲದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಹೀಗೆ ಹೇಳಿಕೊಂಡು ತಿರುಗುವ ಗುಣ ನನಗೆ ಅಪ್ಪನಿಂದ ಬಂದದ್ದಂತೂ ಅಲ್ಲ.

ಅಪ್ಪ ಶಿವಮೊಗ್ಗದಲ್ಲಿ ಉಪದೇಶಿಯಾಗಿದ್ದವರು. ದುರ್ಗಿಗುಡಿಯ ಒಂದು ಸಣ್ಣ ಹೆಂಚಿನ ಮನೆಯಲ್ಲಿ ನಮ್ಮ ಸಂಸಾರ. ಸಂತೆಗಳಲ್ಲಿ, ಹಳ್ಳಿಗಳ ಕಟ್ಟೆಗಳ ಮೇಲೆ ಸುವಾರ್ತೆ ಹೇಳಿ ಬರುತ್ತಿದ್ದ ಅಪ್ಪ ಮನೆಯೊಳಗೆ ಮಾತು ಕಡಿಮೆ. ಆದರೆ ಒಂದು ಪದ್ಧತಿ ಇಟ್ಟಿದ್ದರು. ವಾರಕ್ಕೊಂದರಂತೆ ಕರ್ತನ ಒಂದು ಬೋಧನೆಯನ್ನು ನಾವು ಆರಿಸಿಕೊಳ್ಳಬೇಕು. ಆ ವಾರವಿಡೀ ಅದನ್ನು ಒಲೆಯ ಮುಂದೆ, ಬಾವಿಯ ಹತ್ತಿರ, ಅಂಗಡಿಯಲ್ಲಿ ನಡೆಸಿ ನೋಡಬೇಕು. ಮುಂದಿನ ವಾರ ಚಾಪೆಯ ಮೇಲೆ ಕೂತು, ಆಯಿತೋ ಆಗಲಿಲ್ಲವೋ ಹೇಳಬೇಕು. ಆಗಲಿಲ್ಲ ಎಂದರೆ ಅಪ್ಪ ಬೈಯುತ್ತಿರಲಿಲ್ಲ. ಆಯಿತು ಎಂದರೆ ಮಾತ್ರ ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದರು.

ಮದುವೆಯಾಗಿ ನಾನು ಭದ್ರಾವತಿಗೆ ಬಂದಾಗ ಕಾರ್ಖಾನೆ ಹೊಸದು. ಹಳಬರು ಇನ್ನೂ ಊರನ್ನು ಬೆಂಕಿಪುರ ಎಂದೇ ಕರೆಯುತ್ತಿದ್ದರು. ನನ್ನ ಗಂಡ ಕಬ್ಬಿಣ ಎರೆಯುವ ಶಾಲೆಯಲ್ಲಿ ಮರಳಿನ ಅಚ್ಚು ಕಟ್ಟುವವರು. ತಮಿಳು, ತೆಲುಗು, ಕನ್ನಡ ಎಲ್ಲ ಕಲಸಿಕೊಂಡ ಹನ್ನೆರಡು ಮನೆಗಳ ಸಾಲಿನಲ್ಲಿ ನಮ್ಮದು ಏಳನೆಯದು. ನಮಗೆ ಮಕ್ಕಳಾಗಲಿಲ್ಲ. ಕೈಯಲ್ಲಿ ಹೊತ್ತು ಮಿಗುತ್ತಿತ್ತು. ಬುಧವಾರ ಮಧ್ಯಾಹ್ನ, ಗಂಡಸರು ಪಾಳಿಗೆ ಹೋದ ಮೇಲೆ, ನಮ್ಮ ಸಭೆಯ ಹೆಂಗಸರನ್ನು ನನ್ನ ಜಗಲಿಯಲ್ಲಿ ಸೇರಿಸಿ ಕೂಟ ನಡೆಸತೊಡಗಿದೆ. ಅಪ್ಪನ ಪದ್ಧತಿಯನ್ನೇ ಅಲ್ಲಿಗೂ ತಂದೆ. ಅದಕ್ಕೆ ನಾವು ‘ನಡೆ ಹೇಳುವುದು’ ಎನ್ನುತ್ತಿದ್ದೆವು. ಒಂದು ಕಟ್ಟಳೆಯನ್ನು ಮಾತ್ರ ನಾನೇ ಸೇರಿಸಿದ್ದೆ: ನಡೆ ಹೇಳುವಾಗ ಯಾರ ಹೆಸರನ್ನೂ ಎತ್ತಕೂಡದು. ಎತ್ತಿದರೆ ಅದು ಚಾಡಿಯಾಗುತ್ತದೆ.

ಹನ್ನೆರಡು ಮನೆಗಳ ಸಾಲಿನಲ್ಲಿ ಒಬ್ಬರು ಸೀನಿದರೆ ಹನ್ನೊಂದು ಮನೆಗೆ ಕೇಳಿಸುತ್ತದೆ. ಅಲ್ಲಿ ಹೆಸರು ಹೇಳದಿದ್ದರೂ ಯಾರೆಂದು ಎಲ್ಲರಿಗೂ ತಿಳಿಯುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು. ಅದನ್ನು ಬದಿಗೆ ತಳ್ಳಿದ್ದೆ.

ಎಂಟನೆಯ ಮನೆಯಲ್ಲಿ ಒಬ್ಬ ವಿಧವೆ ಇದ್ದಳು. ತಮಿಳಿನವಳು, ಕೋಲಾರದ ಕಡೆಯಿಂದ ಬಂದವಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಹಿಡಿದು ಒಬ್ಬಳೇ ಮಗಳನ್ನು ಸಾಕಿದಳು. ಅವಳ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಒಂದು ಬಿದಿರ ತಡಿಕೆ ಮಾತ್ರ. ಅವಳು ಕೆಲಸಕ್ಕೆ ಹೋದಾಗೆಲ್ಲ ಆ ಮಗು ನನ್ನ ಮಡಿಲಲ್ಲೇ ಬೆಳೆಯಿತು. ಅದಕ್ಕೆ ಮೊದಲ ಅಕ್ಷರ ತಿದ್ದಿಸಿದವಳು ನಾನು. ನನ್ನನ್ನು ‘ದೊಡ್ಡಮ್ಮ’ ಎನ್ನುತ್ತಿತ್ತು. ಬೆಳೆದು, ಓದಿ, ಲೈನ್ ಮಕ್ಕಳ ಸಣ್ಣ ಶಾಲೆಯಲ್ಲಿ ಉಪಾಧ್ಯಾಯಿನಿಯೂ ಆಯಿತು. ನಾನು ಹೇಳುವ ಸಂಗತಿ ನಡೆದಾಗ ಆ ಹುಡುಗಿಗೆ ಮದುವೆ ಕೂಡಿ ಬಂದಿತ್ತು. ಗಂಡು ಶಿವಮೊಗ್ಗದಲ್ಲಿ ಮೇಷ್ಟ್ರು. ಅವನ ತಾಯಿ ನಮ್ಮ ಅಪ್ಪನ ಸಭೆಯವರೇ, ತುಂಬ ಕಟ್ಟುನಿಟ್ಟಿನ ಹೆಂಗಸು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತಿದು.

ಆ ಸಲ ಸುಗ್ಗಿ ಹಬ್ಬದ ಆರಾಧನೆಗೆಂದು ನಾನು ಒಂದು ಚುಕ್ಕೆ ಕೋಳಿಯನ್ನು ಸಾಕಿದ್ದೆ. ಆ ಹಬ್ಬದಲ್ಲಿ ಹೊಲವಿದ್ದವರು ಹೊಸ ಬತ್ತ ತರುತ್ತಿದ್ದರು, ಹಿತ್ತಲಿದ್ದವರು ಕುಂಬಳಕಾಯಿ ತರುತ್ತಿದ್ದರು. ನಮ್ಮಂಥ ಲೈನಿನವರು ಕೋಳಿ, ಮೊಟ್ಟೆ ತರುತ್ತಿದ್ದೆವು. ಎಲ್ಲವನ್ನೂ ಆರಾಧನೆಯಲ್ಲಿ ಮೇಜಿನ ಮುಂದೆ ಇಟ್ಟು, ಆಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಿದ್ದರು. ಮೀಸಲಿಟ್ಟ ಕೋಳಿಯ ಕಾಲಿಗೆ ಒಂದು ಕೆಂಪು ದಾರ ಕಟ್ಟುವುದು ವಾಡಿಕೆ. ದಾರ ಕಟ್ಟಿದ ಮೇಲೆ ಅದು ದೇವರದ್ದು. ಮನೆಗೆ ಯಾರೇ ಬರಲಿ, ಅದಕ್ಕೆ ಕೈ ಹಚ್ಚುವಂತಿಲ್ಲ.

ಒಂದು ಶುಕ್ರವಾರ ಸಂಜೆ ಪಕ್ಕದ ಮನೆಯಾಕೆ ತಡಿಕೆಯ ಆಚೆ ನಿಂತು ಕೂಗಿದಳು.

“ಅಕ್ಕಾ, ಭಾನುವಾರ ಶಿವಮೊಗ್ಗದಿಂದ ಬೀಗರು ಬರ್ತಾರೆ, ಮಾತು ಮುಗಿಸಕ್ಕೆ. ಒಂದು ಒಳ್ಳೆ ಊಟ ಹಾಕ್ಬೇಕು ಅವ್ರಿಗೆ. ನಿಮ್ಮ ಚುಕ್ಕೆ ಕೋಳಿ ಕೊಟ್ಟಿರಿ. ಹಬ್ಬದೊಳಗೆ ಅಂಥದ್ದೇ ಇನ್ನೊಂದು ತಂದು ಕಟ್ತೀನಿ.”

“ಅದು ದೇವರಿಗೆ ಮೀಸಲು ಕಣೆ. ಅದನ್ನ ತೆಗೆದು ಬೀಗರ ಎಲೆಗೆ ಹಾಕು ಅಂತೀಯಲ್ಲ” ಎಂದೆ.

ಆಕೆ “ಆಯ್ತು ಬಿಡಿ ಅಕ್ಕಾ” ಎಂದು ಒಳಗೆ ಹೋದಳು. ನನಗೆ ನನ್ನ ದೃಢತೆಯ ಬಗ್ಗೆ ಸಂತೋಷವೇ ಆಯಿತು. ಗಂಡನಿಲ್ಲದ ಹೆಂಗಸು, ಮಗಳ ಜೀವನದ ದೊಡ್ಡ ದಿನ, ಪಕ್ಕದ ಮನೆಗೆ ಬಾಯಿಬಿಟ್ಟು ಕೇಳಿದ್ದಾಳೆ. ಅವಳನ್ನು ಬರಿಗೈಯಲ್ಲಿ ಕಳಿಸಿ ನಾನು ಪ್ರಾರ್ಥನೆ ಮಾಡಿ ಮಲಗಿದೆ.

ಶನಿವಾರ ಬೆಳಗ್ಗೆ ನೋಡಿದರೆ ಕೋಳಿಯಿಲ್ಲ. ಹಿತ್ತಲು, ಸೌದೆಯ ಗೂಡು, ಬಚ್ಚಲು ಎಲ್ಲ ಕಣ್ಣಾಡಿಸಿದೆ. ಕಣ್ಣಾಡಿಸಿದೆ ಅಷ್ಟೇ, ಹುಡುಕಲಿಲ್ಲ. ಎರಡು ವಾರದಿಂದ ಅದು ಮನೆಯಲ್ಲಿ ಮೊಟ್ಟೆ ಇಡುವುದನ್ನು ನಿಲ್ಲಿಸಿತ್ತು. ಕೋಳಿ ಸಾಕಿದವರು ಯಾರಾದರೂ ಅದರ ಅರ್ಥವನ್ನು ತಕ್ಷಣ ಹೇಳಿಯಾರು. ನನ್ನ ಮನಸ್ಸು ಆಗಲೇ ತಡಿಕೆಯ ಆಚೆಗೆ ಹೋಗಿಬಿಟ್ಟಿತ್ತು. ಭಾನುವಾರ ಮಧ್ಯಾಹ್ನ ಆಚೆ ಮನೆಯಿಂದ ಕೋಳಿ ಸಾರಿನ ಘಮ ಬಂತು. ಸೋಮವಾರ ತಡಿಕೆಯ ಸಂದಿನಿಂದ ಇಣುಕಿದಾಗ ಅವರ ಬೂದಿಗುಂಡಿಯ ಅಂಚಿನಲ್ಲಿ ಪುಕ್ಕಗಳು ಬಿದ್ದಿದ್ದವು. ಬೂದು ಬಣ್ಣದ ಮೇಲೆ ಬಿಳಿ ಚುಕ್ಕೆ.

ಸಿಟ್ಟು ನೆತ್ತಿಗೇರಿತು. ಆಗಲೇ ಹೋಗಿ ಬಾಗಿಲು ಬಡಿದು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಆ ವಾರ ನಾವು ಆರಿಸಿಕೊಂಡಿದ್ದ ಬೋಧನೆ ಕ್ಷಮೆಯದು: ಏಳು ಸಲವಲ್ಲ, ಏಳೆಪ್ಪತ್ತು ಸಲ ಕ್ಷಮಿಸಬೇಕೆಂಬುದು. ಎಂಥ ಸಂದರ್ಭ ನೋಡಿ! ಎರಡು ದಿನ ಮೊಣಕಾಲೂರಿ ಕೋಪವನ್ನು ನುಂಗಿದೆ. ಬುಧವಾರ ಬರುವ ಹೊತ್ತಿಗೆ ನಾನು ಗೆದ್ದಿದ್ದೆ.

ಕೂಟದಲ್ಲಿ ಹದಿನಾಲ್ಕು ಹೆಂಗಸರಿದ್ದರು. ಪಕ್ಕದ ಮನೆಯಾಕೆ ಎಂದಿನಂತೆ ಕಂಬಕ್ಕೆ ಒರಗಿ ಕೂತಿದ್ದಳು. ಅವತ್ತು ಶಾಲೆಗೆ ರಜೆಯಾದ್ದರಿಂದ ಮಗಳೂ ಜೊತೆಗಿದ್ದಳು. ಮದುವೆ ಗೊತ್ತಾದ ಖುಷಿಗೆ ಎಲ್ಲರಿಗೂ ಕೊಡಲೆಂದು ತಟ್ಟೆಯಲ್ಲಿ ಬೆಲ್ಲ, ಕೊಬ್ಬರಿ ತಂದಿಟ್ಟಿದ್ದರು. ಒಬ್ಬೊಬ್ಬರೇ ನಡೆ ಹೇಳಿದರು. ಕೊನೆಗೆ ನಾನು ಎದ್ದು ನಿಂತೆ.

“ನಾನು ದೇವರಿಗೆ ಅಂತ ಇಟ್ಟಿದ್ದು ಒಂದಿತ್ತು. ಅದು ಬೇರೆ ಮನೆ ಒಲೆ ಸೇರ್ತು. ಯಾರು ಅಂತ ನಾನು ಹೇಳಲ್ಲ, ನೀವೂ ಕೇಳ್ಬೇಡಿ. ನನ್ನ ಮನಸ್ಸಲ್ಲಿ ಒಂದು ಚೂರೂ ಕೋಪ ಇಲ್ಲ. ಕರ್ತನ ಹೆಸರಲ್ಲಿ ನಾನು ಅವರನ್ನ ಪೂರ್ತಿಯಾಗಿ ಕ್ಷಮಿಸಿದೀನಿ.”

“ಆಮೆನ್” ಎಂದು ಯಾರೋ ಅಂದರು. ಒಂದೊಂದಾಗಿ ಹೆಂಗಸರ ಕಣ್ಣುಗಳು ಕಂಬದ ಕಡೆಗೆ ಹೋದವು. ಭಾನುವಾರದ ಸಾರಿನ ಘಮ ಎಲ್ಲರ ಮನೆಗೂ ಮುಟ್ಟಿತ್ತಲ್ಲ. ಆಕೆ ನನ್ನನ್ನೇ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಹುಡುಗಿಯ ಮುಖ ಬಿಳಿಚಿತ್ತು. ನಾನು ಕಣ್ಣು ಮುಚ್ಚಿ ಮುಕ್ತಾಯದ ಪ್ರಾರ್ಥನೆ ಶುರುಮಾಡಿದೆ. ಅವತ್ತಿನಷ್ಟು ಉದ್ದದ ಪ್ರಾರ್ಥನೆಯನ್ನು ನಾನು ಎಂದೂ ಮಾಡಿರಲಿಲ್ಲ. ಕಣ್ಣು ತೆರೆದಾಗ ತಾಯಿ ಮಗಳಿಬ್ಬರೂ ಹೋಗಿದ್ದರು. ಬೆಲ್ಲದ ತಟ್ಟೆಗೆ ಯಾರೂ ಕೈ ಹಾಕಿರಲಿಲ್ಲ.

ಮುಂದಿನ ಭಾನುವಾರ ಪಾದ್ರಿ ಅಯ್ಯನವರು ಮದುವೆಯ ಮೊದಲನೆಯ ಪ್ರಕಟಣೆ ಓದಿದರು. ನಮ್ಮಲ್ಲಿ ಮೂರು ಭಾನುವಾರ, ಹೆಣ್ಣಿನ ಊರಿನಲ್ಲೂ ಗಂಡಿನ ಊರಿನಲ್ಲೂ, ಸಭೆಯ ಮುಂದೆ ಓದಬೇಕು. ಈ ಮದುವೆಗೆ ತಕರಾರಿರುವವರು ಎದ್ದು ಹೇಳಬೇಕೆಂದು ಕೇಳಬೇಕು. ಯಾರೂ ಏಳಲಿಲ್ಲ. ಆದರೆ ಆ ತಾಯಿ ಮಗಳು ಕೂತಿದ್ದ ಚಾಪೆಯಲ್ಲಿ ಬೇರೆ ಯಾರೂ ಕೂತಿರಲಿಲ್ಲ. ವಾರದೊಳಗೆ ಶಾಲೆಯ ಮಕ್ಕಳು ಆ ಹುಡುಗಿ ಒಳಗೆ ಬಂದ ಕೂಡಲೇ ಬಾಯಿಗೆ ಕೈ ಅಡ್ಡವಿಟ್ಟು “ಕೊಕ್ ಕೊಕ್” ಎನ್ನತೊಡಗಿದರೆಂದು ನಲ್ಲಿಯ ಹತ್ತಿರ ಕೇಳಿದೆ. ನಾನು ಯಾರ ಹೆಸರನ್ನೂ ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕೊಡ ತುಂಬಿಕೊಂಡು ಮನೆಗೆ ಬಂದೆ.

ಎರಡನೆಯ ಪ್ರಕಟಣೆಯಾದ ಮರುದಿನ ರೈಲು ಹತ್ತಿ ಅಪ್ಪನನ್ನು ನೋಡಲು ಶಿವಮೊಗ್ಗಕ್ಕೆ ಹೋದೆ. ಅಪ್ಪನಿಗೆ ಆಗ ಕಣ್ಣು ಮಂಜಾಗಿತ್ತು, ಹೆಚ್ಚು ನಡೆಯುತ್ತಿರಲಿಲ್ಲ. ನಾನು ಬಂದದ್ದು ಹೇಗೆ ತಿಳಿಯಿತೋ, ಊಟ ಮುಗಿಸುವಷ್ಟರಲ್ಲಿ ಗಂಡಿನ ತಾಯಿ ಬಾಗಿಲಲ್ಲಿ ನಿಂತಿದ್ದರು. ಕೂರಲೂ ಇಲ್ಲ.

“ನೀವು ಉಪದೇಶಿಗಳ ಮಗಳು. ನೀವು ಹೇಳಿದ್ದನ್ನ ನಾನು ನಂಬ್ತೀನಿ” ಎಂದರು. “ಅವತ್ತು ಅವರ ಮನೇಲಿ ನಾವು ಉಂಡಿದ್ದು ದೇವರಿಗೆ ಮೀಸಲಿಟ್ಟ ಕೋಳಿಯಂತೆ. ನಿಜವಾ? ನಿಜ ಆದ್ರೆ ಆ ಮನೆ ಹುಡುಗಿ ನಮ್ಮನೆಗೆ ಬೇಡ. ಸುಳ್ಳಾದ್ರೆ ಸುಳ್ಳು ಅಂತ ಒಂದು ಮಾತು ಹೇಳಿ, ಇಲ್ಲಿಗೇ ಮುಗೀತು.”

ನಿಜವೆಂದರೆ ಹುಡುಗಿಯ ಮದುವೆ ಮುರಿಯುತ್ತದೆ. ಸುಳ್ಳೆಂದರೆ ಕೂಟದಲ್ಲಿ ನಾನು ಹೇಳಿದ್ದು ಸುಳ್ಳಾಗುತ್ತದೆ. ಕೊನೆಗೆ ಬಾಯಿಂದ ಬಂದ ಮಾತು ಇದು: “ನಾನು ಯಾರ ಹೆಸರೂ ಹೇಳಿಲ್ಲಮ್ಮ. ನಾನಂತೂ ಕ್ಷಮಿಸಿಬಿಟ್ಟಿದೀನಿ.”

ಆಕೆ ತಲೆಯಾಡಿಸಿದರು. “ತಿಳೀತು. ಮೂರನೇ ಪ್ರಕಟಣೆಗೆ ನಾನೇ ಬೆಂಕಿಪುರಕ್ಕೆ ಬರ್ತೀನಿ. ಅವತ್ತೇ ಅಲ್ವಾ ಹಬ್ಬ? ಅಯ್ಯನವರು ಓದೋ ಮುಂಚೆ ಎದ್ದು ನಿಲ್ಲಿಸ್ತೀನಿ. ಮುಚ್ಚುಮರೆ ಯಾಕೆ?” ಎಂದು ಮೆಟ್ಟಿಲಿಳಿದು ಹೋದರು.

ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಹೋಗಿದ್ದಾರೆಂದುಕೊಂಡಿದ್ದೆ.

“ಆ ಹೆಂಗಸನ್ನ ನೀನು ಕೇಳಿದ್ಯಾ?” ಎಂದರು.

“ಕೇಳೋದೇನಿದೆ ಅಪ್ಪ, ಪುಕ್ಕ ಕಣ್ಣಾರೆ ನೋಡಿದೀನಿ.”

“ಪುಕ್ಕ ನೋಡಿದೆ. ಅವಳನ್ನ ಕೇಳಿದ್ಯಾ?”

ನಾನು ಊಟದ ತಟ್ಟೆ ಎತ್ತತೊಡಗಿದೆ. ಅಪ್ಪ ಕಣ್ಣು ತೆರೆಯದೆ ಹೇಳಿದರು. “ಕರ್ತ ಏಳೆಪ್ಪತ್ತು ಸಲ ಕ್ಷಮಿಸು ಅಂದಿದ್ದು ಯಾವಾಗ? ಅದಕ್ಕೆ ಮುಂಚೆ ಇನ್ನೊಂದು ಮಾತು ಹೇಳಿದ್ದ. ನಿನಗೆ ತಪ್ಪು ಮಾಡಿದವರ ಹತ್ರ ಹೋಗು, ನೀವಿಬ್ಬರೇ ಇದ್ದಾಗ ಮಾತಾಡು ಅಂತ. ಚಿಕ್ಕ ಹುಡುಗಿಯಾಗಿದ್ದಾಗ ನಿನಗೆ ನಾನೇ ಹೇಳಿಕೊಟ್ಟಿದ್ದೆ. ಅದನ್ನ ಬಿಟ್ಟು ನೇರ ಕ್ಷಮೆಗೆ ಹೋಗಿದ್ದೀಯ. ಯಾಕೆ ಗೊತ್ತಾ? ಕೇಳಕ್ಕೆ ಹೋದ್ರೆ ಅವಳ ಮುಂದೆ ಸಮಕ್ಕೆ ನಿಲ್ಬೇಕಾಗುತ್ತೆ. ಕ್ಷಮಿಸೋಕೆ ಎತ್ತರದಲ್ಲಿ ನಿಲ್ಬಹುದು.”

ಅಷ್ಟು ಉದ್ದದ ಮಾತನ್ನು ಅಪ್ಪ ನನ್ನ ಜೊತೆ ಆಡಿದ್ದು ಅಪರೂಪ. ನನಗೆ ಸಿಟ್ಟು ಬಂತು. ರೈಲಿನಲ್ಲಿ ಕೂತು ಬರುವಾಗಲೂ ಸಿಟ್ಟಿತ್ತು. ತುಂಗೆಯ ಸೇತುವೆ ಹಿಂದೆ ಬಿದ್ದು ಕಾರ್ಖಾನೆಯ ಹೊಗೆ ಕಾಣುವ ಹೊತ್ತಿಗೆ ಸಿಟ್ಟು ಇಳಿದು ಹೆದರಿಕೆ ಹುಟ್ಟಿತು. ಒಂದು ವೇಳೆ ನಾನು ತಪ್ಪಾಗಿದ್ದರೆ?

ಮಂಗಳವಾರ ಬೆಳಗ್ಗೆ ಎಂಟನೆಯ ಮನೆಯ ಬಾಗಿಲು ಬಡಿದೆ. ಹುಡುಗಿ ಅರ್ಧ ಬಾಗಿಲು ತೆರೆದಳು.

“ಅಮ್ಮ ಇಲ್ಲ” ಎಂದಳು.

ಅವಳ ಭುಜದ ಹಿಂದೆ, ಒಲೆಯ ಮುಂದೆ, ಆಕೆ ನನಗೆ ಬೆನ್ನು ಮಾಡಿ ಕೂತಿದ್ದು ಕಾಣುತ್ತಿತ್ತು. ಹುಡುಗಿ ದೊಡ್ಡಮ್ಮ ಎನ್ನಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನಾನೊಂದು ಮಾತು ಕೂಗಿ ಹೇಳಬಹುದಾಗಿತ್ತು, ಹೇಳಲಿಲ್ಲ. ಬುಧವಾರದ ಕೂಟಕ್ಕೆ ಅವರು ಬರಲಿಲ್ಲ. ಗುರುವಾರ, ಶುಕ್ರವಾರ ನಾನು ಬಾಗಿಲಿನವರೆಗೆ ಹೋಗಿ ತಿರುಗಿ ಬಂದೆ. ಆಕೆ ಎಲ್ಲರೂ ಏಳುವ ಮುಂಚೆಯೇ ನಲ್ಲಿಯಿಂದ ನೀರು ಹಿಡಿದು ಮುಗಿಸುತ್ತಿದ್ದಳು. ಭಾನುವಾರ ಹತ್ತಿರ ಬರುತ್ತಿತ್ತು.

ಶನಿವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಸಾಲು ಮನೆಗಳ ಹಿಂದೆ ರೈಲು ಕಂಬಿಯ ಗುಂಟ ಲಂಟಾನದ ಪೊದೆಗಳು ಆಳೆತ್ತರ ಬೆಳೆದಿದ್ದವು. ಮುಳ್ಳಿನ ಕಾಟಕ್ಕೆ ಅದರೊಳಗೆ ಯಾರೂ ಕಾಲಿಡುತ್ತಿರಲಿಲ್ಲ. ಆ ಪೊದೆಯಿಂದ ಏನೋ ಸರಸರ ಸದ್ದಾಯಿತು. ತಲೆಯೆತ್ತಿ ನೋಡಿದೆ.

ನನ್ನ ಚುಕ್ಕೆ ಕೋಳಿ ಹೊರಗೆ ಬಂತು. ಬಡಕಲಾಗಿತ್ತು, ಪುಕ್ಕ ಕೆದರಿತ್ತು. ಕಾಲಿನ ಕೆಂಪು ದಾರ ಮಾಸಿ ಕಂದಾಗಿತ್ತು. ಅದರ ಹಿಂದೆ ಒಂದು, ಎರಡು, ಮೂರು... ಒಂಬತ್ತು ಮರಿ. ನಾನೇ ಎಲ್ಲಿಗೋ ಹೋಗಿ ಬಂದವಳೋ ಎಂಬಂತೆ ಅದು ನನ್ನನ್ನೊಮ್ಮೆ ಓರೆಯಾಗಿ ನೋಡಿ, ಮುಸುರೆಯ ಅನ್ನದ ಅಗುಳುಗಳನ್ನು ಕೆದಕಿ ಮರಿಗಳನ್ನು ಕರೆಯಿತು.

ಕಳ್ಳತನದಲ್ಲಿ ಪೊದೆಯೊಳಗೆ ಮೊಟ್ಟೆಯಿಟ್ಟು ಕಾವಿಗೆ ಕೂತ ಕೋಳಿ. ಇಪ್ಪತ್ತೊಂದು ದಿನ. ಮೂರು ವರ್ಷದ ಮಗುವಿಗೂ ತಿಳಿಯುವ ವಿಷಯ.

ಆಗ ನಾನು ಮಾಡಿದ್ದನ್ನೂ ಬರೆಯಬೇಕು. ಮೊದಲು ತಡಿಕೆಯ ಕಡೆ ನೋಡಿದೆ, ಆಚೆ ಯಾರಾದರೂ ಇದ್ದಾರೋ ಎಂದು. ಆಮೇಲೆ ಓಡಿ ಹೋಗಿ ದೊಡ್ಡ ಮಂಕರಿ ತಂದು ಕೋಳಿಯ ಮೇಲೆ ಕವುಚಿದೆ. ಮರಿಗಳನ್ನು ಒಂದೊಂದಾಗಿ ಹಿಡಿದು ಒಳಗೆ ನೂಕಿದೆ. ಮಂಕರಿಯ ಮೇಲೆ ಗೋಣಿಚೀಲ ಹೊದಿಸಿದೆ. ಗಂಡಿನ ತಾಯಿಗೆ ಹೇಗಾದರೂ ಗುಟ್ಟಾಗಿ ಹೇಳಿ ಕಳಿಸಬಹುದು, ನನ್ನದೇನೋ ಊಹೆ ತಪ್ಪಿತ್ತು ಎಂದು. ಕೋಳಿಯನ್ನು ಯಾರಿಗೂ ಕಾಣದಂತೆ ಬೇರೆ ಊರಿಗೆ ಸಾಗಿಸಬಹುದು. ಹಬ್ಬಕ್ಕೆ ಬೇರೆ ಏನಾದರೂ ಕೊಡಬಹುದು. ಹುಡುಗಿಯೂ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ. ಎಷ್ಟು ಬೇಗ ಎಲ್ಲವನ್ನೂ ಲೆಕ್ಕ ಹಾಕಿದ್ದೆ! ಹದಿನೈದು ವರ್ಷ ಹೆಂಗಸರಿಗೆ ಸುವಾರ್ತೆ ಕಲಿಸಿದ ತಲೆ ಅದು.

ಪಾಳಿ ಮುಗಿಸಿ ಬಂದ ನನ್ನ ಗಂಡ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಗೋಣಿಚೀಲದ ಒಳಗಿನಿಂದ ಕೊರ್ ಕೊರ್ ಸದ್ದು. ಅವರು ಚೀಲವೆತ್ತಿ ನೋಡಿದರು.

“ಎಷ್ಟು ದಿನ ಮುಚ್ಚಿಡ್ತೀಯ?” ಎಂದರು. “ಕೋಳಿ ಮಾರಾಯ್ತಿ ಅದು. ಕೂಗ್ದೆ ಇರುತ್ತಾ?”

ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಒಂದು ಹಿಡಿ ನುಚ್ಚು ತಂದು ಮರಿಗಳಿಗೆ ಹಾಕಿದರು.

ಭಾನುವಾರ ಪ್ರಾರ್ಥನಾ ಮಂದಿರ ತುಂಬಿತ್ತು. ಮೇಜಿನ ಮುಂದೆ ಬತ್ತದ ತೆನೆ, ಬಾಳೆಗೊನೆ, ಕುಂಬಳಕಾಯಿ. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಗಂಡಿನ ತಾಯಿ ನೆಟ್ಟಗೆ ಕೂತಿದ್ದರು. ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದಲ್ಲಿ, ತಾಯಿ ಮಗಳು. ಶಿವಮೊಗ್ಗದಿಂದ ಬಂದಿದ್ದ ಅಯ್ಯನವರು ಮೊದಲು ಕಾಣಿಕೆ, ಆಮೇಲೆ ಮದುವೆಯ ಪ್ರಕಟಣೆ ಎಂದು ಹೇಳಿದರು. ಜನ ಒಬ್ಬೊಬ್ಬರೇ ಎದ್ದು ತಮ್ಮದನ್ನು ಮುಂದೆ ಇಟ್ಟು ಬಂದರು. ನನ್ನ ಕಾಲಿನ ಬಳಿಯ ಮಂಕರಿಯಿಂದ ಮರಿಗಳ ಚಿಂವ್ ಚಿಂವ್ ಕೇಳುತ್ತಲೇ ಇತ್ತು. ಅಕ್ಕಪಕ್ಕದವರು ತಿರುಗಿ ತಿರುಗಿ ನೋಡುತ್ತಿದ್ದರು. ನಾನು ಮಾತ್ರ ಏಳಲಿಲ್ಲ. ಕೊನೆಯ ಕಾಣಿಕೆಯೂ ಮುಗಿಯಿತು. ಅಯ್ಯನವರು ಪ್ರಕಟಣೆಯ ಚೀಟಿ ಬಿಡಿಸಿದರು. ಗಂಡಿನ ತಾಯಿ ಸೆರಗು ಸರಿಮಾಡಿಕೊಂಡು ಏಳಲು ಹೊರಟರು.

ನಾನು ಮಂಕರಿ ಎತ್ತಿಕೊಂಡು ನಡೆದೆ. ಮೇಜಿನ ಮುಂದೆ ಅದನ್ನಿಟ್ಟು ಮುಚ್ಚಿದ್ದ ಬಟ್ಟೆ ತೆಗೆದೆ. ಕೋಳಿ ಕತ್ತು ಹೊರಗೆ ಹಾಕಿತು. ಕಾಲಿನ ದಾರ ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿದೆ.

“ಇದು ನನ್ನ ಕೋಳಿ” ಎಂದೆ. “ಇದನ್ನ ಯಾರೂ ತಿಂದಿಲ್ಲ. ನಮ್ಮ ಹಿತ್ತಲ ಪೊದೇಲಿ ಕಾವಿಗೆ ಕೂತಿತ್ತು. ನಾನು ಹುಡುಕಲಿಲ್ಲ, ಕೇಳಲಿಲ್ಲ. ಹೆಸರು ಹೇಳಲ್ಲ ಅಂತ ಹೇಳ್ಕೊಂಡೇ ಒಬ್ಬರ ಮೇಲೆ ಕಳ್ಳತನ ಹೊರಿಸಿದೆ. ಶಿವಮೊಗ್ಗದಲ್ಲಿ ಕೇಳಿದಾಗ್ಲೂ ನುಣುಚಿಕೊಂಡೆ. ನಿನ್ನೆ ಮಧ್ಯಾಹ್ನ ಇದು ಬಂದಾಗ ಮುಚ್ಚಿಡಕ್ಕೆ ನೋಡಿದೆ. ಈಗ ಹೆಸರು ಹೇಳ್ತೀನಿ.”

ಆಕೆಯ ಹೆಸರು ಹೇಳಿದೆ. ಮಗಳ ಹೆಸರೂ ಹೇಳಿದೆ. ಎರಡೂ ಹೆಸರುಗಳನ್ನು ಗೋಡೆಗೆ ತಾಗುವಷ್ಟು ಗಟ್ಟಿಯಾಗಿ ಹೇಳಿದೆ. ಹೆಂಗಸರು ತಲೆ ತಗ್ಗಿಸಿದರು. ನನ್ನ ಕಾಣಿಕೆಯನ್ನು ಅಯ್ಯನವರು ಮುಟ್ಟುವ ಮುಂಚೆ ನಾನು ಹಿಂದಕ್ಕೆ ತಿರುಗಿದೆ. ಯಾರಿಗಾದರೂ ನಿನ್ನ ಮೇಲೆ ನೋವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗಬೇಕೆಂಬ ಬೋಧನೆಯನ್ನು ನಾನು ಎಷ್ಟೋ ಬುಧವಾರ ಕಲಿಸಿದ್ದೆ. ಮೇಜಿನಿಂದ ಬಾಗಿಲವರೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅ‌ಷ್ಟು ದೂರ ನಾನು ಎಂದೂ ನಡೆದಿಲ್ಲ.

ಆಕೆಯ ಚಾಪೆಯ ಮುಂದೆ ಕೂತು ಕೈ ಜೋಡಿಸಿದೆ. “ತಪ್ಪಾಯ್ತು ಕಣೆ. ನನ್ನ ಕ್ಷಮಿಸು.”

ಆಕೆ ನನ್ನ ಕೈಗಳನ್ನು ಕೆಳಗಿಳಿಸಿದಳು. ನನಗೆ ಮಾತ್ರ ಕೇಳುವಂತೆ ಹೇಳಿದಳು: “ಇಲ್ಲಿ ಬೇಡ ಅಕ್ಕಾ. ಎಲ್ಲರ ಮುಂದೆ ನಾನು ಕ್ಷಮಿಸಲ್ಲ. ಮನೆಗೆ ಬನ್ನಿ.”

ಅಯ್ಯನವರು ಚೀಟಿ ಹಿಡಿದು ನಿಂತೇ ಇದ್ದರು. ಗಂಡಿನ ತಾಯಿ ಅರ್ಧ ಎದ್ದವರು ಹಾಗೇ ನಿಂತಿದ್ದರು. ಹಿಂದಕ್ಕೆ ತಿರುಗಿ ಹುಡುಗಿಯನ್ನು ನೋಡಿದರು, ಕೋಳಿಯನ್ನು ನೋಡಿದರು. “ಓದಿ ಅಯ್ಯನವರೇ” ಎಂದು ಕೂತರು. ಮೂರನೆಯ ಪ್ರಕಟಣೆ ಓದಿದರು. ತಕರಾರಿದ್ದವರು ಹೇಳಬಹುದು ಎಂದರು. ಮರಿಗಳ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಹರಾಜಿಗೆ ನಾನು ನಿಲ್ಲಲಿಲ್ಲ. ನೇರವಾಗಿ ಎಂಟನೆಯ ಮನೆಗೆ ಹೋದೆ. ಆಕೆ ಬಾಗಿಲು ಪೂರ್ತಿ ತೆರೆದಳು, ಆದರೆ ಒಳಗೆ ಕರೆಯಲಿಲ್ಲ. ನಾನು ಹೊಸಿಲ ಮೇಲೆ ಕೂತೆ. ಆಕೆ ಎದುರಿಗೆ ನೆಲದ ಮೇಲೆ ಕೂತಳು. ಹುಡುಗಿ ಒಳಗೆ ಎಲ್ಲೋ ಇದ್ದಳು.

“ಹಳೆಯೂರಲ್ಲಿ ಒಬ್ಬರು ಸಾಬರ ಮನೆ ಬಾಣಂತಿಗೆ ಹದಿನೈದು ದಿನ ನೀರು ಹಾಕಿದ್ದೆ” ಎಂದಳು. “ನೀವು ಕೋಳಿ ಇಲ್ಲ ಅಂದ್ರಲ್ಲ, ಶನಿವಾರ ಅವರ ಮನೆಗೆ ಹೋಗಿ ಕೇಳಿದೆ. ಅವರದ್ದೂ ಚುಕ್ಕೆ ಕೋಳಿನೇ. ಮಗಳ ಮದುವೆ ಅಂತ ಹೇಳಿದ್ದಕ್ಕೆ ಆ ಅಮ್ಮ ತಾನೇ ಹಿಡಿದು ಕೊಟ್ರು.”

“ಅವತ್ತೇ ಒಂದು ಮಾತು ಹೇಳ್ಬಾರದಿತ್ತಾ?” ಎಂದೆ. ನಾಚಿಕೆಗೆಟ್ಟ ಮಾತು. ಆದರೆ ಬಾಯಿಂದ ಬಂದುಬಿಟ್ಟಿತು.

“ಏನಂತ ಹೇಳ್ಲಿ ಅಕ್ಕಾ? ನೀವು ಕಳ್ಳಿ ಅಂತ ಬೈದಿದ್ರೆ ನಾನೂ ಬಾಯಿ ಬಿಡ್ತಿದ್ದೆ. ತಿಂದ್ಯಾ ಅಂತ ಕೇಳಿದ್ರೆ ಇಲ್ಲ ಅಂತಿದ್ದೆ. ನೀವು ಏನೂ ಕೇಳ್ಲಿಲ್ಲ. ಕ್ಷಮಿಸಿಬಿಟ್ರಿ. ಕ್ಷಮಿಸಿದವರಿಗೆ ಏನಂತ ಉತ್ತರ ಕೊಡೋದು? ನಾನಲ್ಲ ಅಂದ್ರೆ, ನಿನ್ನ ಹೆಸರು ಯಾರು ಹೇಳಿದ್ರು ಅಂತ ನೀವೇ ಕೇಳ್ತಿದ್ರಿ.”

ಹೌದು, ಹಾಗೇ ಕೇಳುತ್ತಿದ್ದೆ.

“ಮಂಗಳವಾರ ನೀವು ಬಾಗಿಲಿಗೆ ಬಂದಾಗ, ಕೇಳಕ್ಕಲ್ಲ, ಪ್ರಾರ್ಥನೆ ಮಾಡಕ್ಕೆ ಬಂದ್ರಿ ಅನ್ಕೊಂಡೆ” ಎಂದಳು ಆಕೆ. “ಅದು ನನ್ನ ಕೈಲಿ ತಡ್ಕೊಳಕ್ಕೆ ಆಗ್ತಿರ್ಲಿಲ್ಲ. ನಿನ್ನೆ ಮಧ್ಯಾಹ್ನ ತಡಿಕೆ ಆಚೆ ಕೋಳಿ ಸದ್ದು ಕೇಳಿಸ್ತು. ಮರಿ ಸದ್ದೂ ಕೇಳಿಸ್ತು. ಇವಳು ಎದ್ದು ಓಡಿಬರ್ತಿದ್ಲು. ನಾನೇ ಕೈ ಹಿಡಿದು ಕೂರಿಸ್ದೆ. ನೀವು ಏನ್ ಮಾಡ್ತೀರ ನೋಡೋಣ ಅಂತ.”

ಗೋಣಿಚೀಲ ಹೊದಿಸಿದ ನನ್ನ ಕೈಗಳನ್ನು ನೋಡಿಕೊಂಡೆ. ತಡಿಕೆಯ ಆಚೆ ಅವರಿಬ್ಬರೂ ಉಸಿರು ಹಿಡಿದು ಕೂತಿದ್ದಾಗ ಈಚೆ ನಾನು ಮರಿಗಳನ್ನು ಒಂದೊಂದಾಗಿ ಬಚ್ಚಿಡುತ್ತಿದ್ದೆ. ಅದಕ್ಕಿಂತ ದೊಡ್ಡ ಅವಮಾನವನ್ನು ನಾನು ಆ ಮೇಲೂ ಕಂಡಿಲ್ಲ.

ಕಾರ್ಖಾನೆಯ ಕೂಗು ಆಯಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಈಗ ಕೇಳಿ” ಎಂದಳು.

“ಏನನ್ನ?”

“ಅವತ್ತು ಕೇಳ್ಬೇಕಾಗಿತ್ತಲ್ಲ, ಅದನ್ನ.”

ಉತ್ತರ ಗೊತ್ತಿದ್ದ ಪ್ರಶ್ನೆ. ಕೇಳಲು ಅಷ್ಟು ಕಷ್ಟವಾಗುತ್ತದೆಂದು ನಾನು ಊಹಿಸಿರಲಿಲ್ಲ. “ನನ್ನ ಚುಕ್ಕೆ ಕೋಳಿ ನೀನು ಹಿಡಿದ್ಯಾ?” ಎಂದೆ ಮೆಲ್ಲಗೆ.

“ಜೋರಾಗಿ ಕೇಳಿ. ಒಳಗಿರೋಳಿಗೂ ಕೇಳಿಸ್ಬೇಕು.”

ಇನ್ನೊಮ್ಮೆ ಕೇಳಿದೆ.

“ಇಲ್ಲ ಅಕ್ಕಾ” ಎಂದಳು ಆಕೆ ನನ್ನ ಕಣ್ಣಲ್ಲಿ ಕಣ್ಣಿಟ್ಟು. “ನಾನು ಹಿಡೀಲಿಲ್ಲ.”

ಒಳಗಿನಿಂದ ಲೋಟದ ಸದ್ದಾಯಿತು. ಹುಡುಗಿ ನೀರು ತಂದು ಬಾಗಿಲಲ್ಲಿ ನಿಂತಳು.

“ದೊಡ್ಡಮ್ಮ” ಎಂದಳು, “ಹೊಸಿಲ ಮೇಲೆ ಕೂತ್ಕೋಬೇಡಿ. ಒಳಗೆ ಬನ್ನಿ.”